ದೇವಿ ಹಾಕುವ ಕಾಕಾ ಅಳಲು ಕಲಿತದ್ದು

ಅವರ ಬಲಗೈ ಮಣಿಕಟ್ಟಿನ ಸುತ್ತ ಮಕ್ಕಳ ಹಲ್ಲಿನ ಗುರುತುಗಳಿದ್ದವು. ಒಂದೆರಡಲ್ಲ, ಕಡಗ ತೊಟ್ಟಂತೆ ಸುತ್ತಲೂ. ಹೆಚ್ಚಿನವು ಹಳೆಯವಾಗಿ ಬಿಳಿಚಿಕೊಂಡಿದ್ದವು. ಹೆಬ್ಬೆರಳಿನ ಬುಡದಲ್ಲಿ ಮಾತ್ರ ಒಂದು ಗುಳಿಯೇ ಬಿದ್ದಿತ್ತು. "ಇದು ಕೊಣ್ಣೂರಿಂದು" ಅನ್ನುತ್ತಿದ್ದರು. ಊರು ನೆನಪಿತ್ತು, ಕಚ್ಚಿದ ಮಗುವಿನ ಹೆಸರು ಗೊತ್ತಿರಲಿಲ್ಲ.

ರೋಣದಲ್ಲಿ ನಮ್ಮ ಮನೆಯ ಎದುರಿಗೇ ಅವರ ಮನೆ. ಮುಂಬೈ ಸರ್ಕಾರದ ಕಾಲದಲ್ಲಿ ಹಳ್ಳಿ ಹಳ್ಳಿ ತಿರುಗಿ ಮಕ್ಕಳಿಗೆ ಸಿಡುಬಿನ ಲಸಿಕೆ ಹಾಕುವುದು ಅವರ ನೌಕರಿ. ದೇವಿ ಹಾಕೋದು ಅನ್ನುತ್ತಿದ್ದೆವು. ಹಲ್ಲಿರುವ ಒಂದು ಸಣ್ಣ ಬಿಲ್ಲೆಯನ್ನು ತೋಳಿಗೆ ಒತ್ತಿ ತಿರುಗಿಸಬೇಕು, ಅಷ್ಟೇ ಕೆಲಸ. ಆದರೆ ಕಾಕಾ ಬಂದರು ಅಂತ ಸುದ್ದಿ ಹಬ್ಬಿದರೆ ತಾಯಂದಿರು ಮಕ್ಕಳನ್ನು ಜೋಳದ ಕಣಜದೊಳಗೆ, ಹೊಟ್ಟಿನ ಬಣವೆಯ ಹಿಂದೆ ಅಡಗಿಸುತ್ತಿದ್ದರಂತೆ. ಇವರು ಹುಡುಕಿ ಎಳೆದು ತಂದು ಹಾಕಿಯೇ ಬಿಡುತ್ತಿದ್ದರು. ಅವರ ಬಾಯಲ್ಲಿ ಇದ್ದದ್ದು ಮೂರೇ ಮಾತು: "ಹಿಡೀರಿ. ತೋಳ ತೋರಸ್ರಿ. ಮುಂದಿಂದು ಬರ್ಲಿ."

ಪಿಂಚಣಿ ಆದ ಮೇಲೂ ಆ ಮೂರೇ ಮಾತು ಉಳಿದವು. ಸೊಸೆ ಊಟಕ್ಕೆ ಕರೆದರೆ ಉಂಡು, ತಟ್ಟೆ ಸರಿಸಿ, "ಮುಂದಿಂದು ಬರ್ಲಿ" ಅನ್ನುವರು. ಮಜ್ಜಿಗೆ ಬರುತ್ತಿತ್ತು. ಸ್ವಂತ ಮೊಮ್ಮಗ ಇವರನ್ನು ಕಂಡರೆ ಎರಡೂ ತೋಳು ಅಂಗಿಯೊಳಗೆ ಎಳೆದುಕೊಂಡು ಓಡುತ್ತಿದ್ದ. ಪೆಪ್ಪರಮಿಂಟು ತಂದು ಕಟ್ಟೆಯ ಮೇಲೆ ಇಟ್ಟುಕೊಂಡು ಕೂಡುತ್ತಿದ್ದರು. ಓಣಿಯ ಒಂದು ಮಗುವೂ ಹತ್ತಿರ ಸುಳಿಯುತ್ತಿರಲಿಲ್ಲ. ಸುಳಿಯುವುದಾದರೂ ಹೇಗೆ? ಓಣಿಯ ಅಷ್ಟೂ ಹೆಂಗಸರು ತುತ್ತು ಇಡುವಾಗ ಇವರನ್ನೇ ತೋರಿಸಿ ಹೆದರಿಸುತ್ತಿದ್ದೆವು.

ನಾಡು ಒಂದಾದ ಮರುವರ್ಷದ ಮಳೆಗಾಲ. ನನ್ನ ಮಗಳು ಕಮಲಿಗೆ ನಾಲ್ಕು ವರ್ಷ. ವಿಷಮಜ್ವರ ಹಿಡಿದು ಹದಿನೈದು ದಿನ ದಾಟಿತ್ತು. ನನ್ನ ಯಜಮಾನರು ಕೊಣ್ಣೂರಿನ ಸಾಲೆಯಲ್ಲಿ ಮಾಸ್ತರು. ನಡುವಿನ ಹಳ್ಳ ಸೇತುವೆಯ ಮೇಲೆ ಹರಿದು ಅವರು ಆ ದಂಡೆಯಲ್ಲೇ ಸಿಕ್ಕಿಬಿದ್ದಿದ್ದರು. ಮನೆಯಲ್ಲಿ ನಾನು, ಅತ್ತೆ, ಮತ್ತು ಹಾಸಿಗೆಯ ಮೇಲೆ ಎಲುಬಿನ ಹಂದರದಂತೆ ಬಿದ್ದ ಕೂಸು.

ಡಾಕ್ಟರು ಬೆಳಿಗ್ಗೆ ಬಂದು ಪುಡಿ ಕೊಟ್ಟು, ಬಾಗಿಲಲ್ಲಿ ನನ್ನನ್ನು ಕರೆದು ಹೇಳಿದರು: "ನೋಡ್ರಿ ತಂಗಿ, ಇದು ಹೊಟ್ಟಿಗೆ ಹೋಗಿ ನಿಂದ್ರಬೇಕು. ನಾಳಿ ಸಂಜಿತನಾ ಹಿಂಗs ಉಗುಳಿದ್ಲಂದ್ರ, ಆಮ್ಯಾಲ ನನ್ನ ಕೈಯಾಗ ಏನೂ ಇಲ್ಲ."

ಜೇನಿನಲ್ಲಿ ಕಲಸಿ ಕೊಟ್ಟೆ, ಉಗುಳಿದಳು. ಹಾಲಿನಲ್ಲಿ ಕೊಟ್ಟೆ, ಉಗುಳಿದಳು. ಅತ್ತೆ ಮೂಗು ಹಿಡಿದು ಬಾಯಿಗೆ ಸುರಿದರು. ಕುಡಿದದ್ದಕ್ಕಿಂತ ಹೆಚ್ಚು ವಾಂತಿ ಮಾಡಿದಳು. ಕಡೆಗೆ ಹಲ್ಲು ಕಚ್ಚಿಕೊಂಡು ಮಲಗಿಬಿಟ್ಟಳು. ಚಮಚದ ತುದಿಯೂ ಒಳಗೆ ಹೋಗದು.

ಅತ್ತೆಗೆ ಬಾಯಿಗೆ ಬಂದದ್ದು ರೂಢಿಯ ಮಾತು: "ಬಾಯಿ ತಗೀತೀಯೋ, ಎದುರಮನಿ ಕಾಕಾನ್ನ ಕರೀಲ್ಯೋ? ಏನ್ರೀ, ಲಗೂ ಬರ್ರಿ ಇಲ್ಲಿ."

ಅದನ್ನು ದಿನಾ ಯಾರಾದರೊಬ್ಬರು ಕೂಗುತ್ತಿದ್ದರು, ಕಾಕಾ ಎಂದೂ ಎದ್ದು ಬಂದಿರಲಿಲ್ಲ. ಅವತ್ತು ಬಂದರು. ಒಳಗೆ ಕೂಸು ಜಡ್ಡಾಗಿದೆ, ನಿಜವಾಗಿಯೇ ಕರೆದಿದ್ದಾರೆ ಅಂತ ತಿಳಿದು, ಟೊಪ್ಪಿಗೆ ಹಾಕಿಕೊಂಡು ಬಂದರು. ಬಂದವರು ತಮಗೆ ಗೊತ್ತಿದ್ದದ್ದನ್ನು ಮಾಡಿದರು. ಸೀದಾ ಹೋಗಿ ಅವಳ ತೋಳು ಹಿಡಿದು, "ಹಿಡೀರಿ ಆಕಿನ್ನ" ಅಂದರು.

ಕಮಲಿ ಕೂಗಲಿಲ್ಲ. ಮೈ ಸೆಟೆದು, ಕಣ್ಣು ಮೇಲೆ ಹೋದವು. ನಾನು ಹಿರಿಯರು ಅಂತ ನೋಡಲಿಲ್ಲ.

"ಕೈ ಬಿಡ್ರಿ ಮದ್ಲ. ಹೊರಗ ನಡೀರಿ. ಕೂಸಿನ್ನ ಕೊಲ್ಲಾಕ ಬಂದೀರೇನು?"

ಅವರು ಕೈ ಬಿಟ್ಟು ಹೊರಗೆ ಹೋದರು. ತಮ್ಮ ಮನೆಗೆ ಹೋಗಲಿಲ್ಲ. ಸಂಜೆಯವರೆಗೆ ನಮ್ಮ ಕಟ್ಟೆಯ ಮೇಲೆ ಮಳೆಯ ಇರಚಲಿನಲ್ಲಿ ಕೂತಿದ್ದರು. ದೀಪ ಹಚ್ಚುವ ಹೊತ್ತಿಗೆ ಬಾಗಿಲ ಸಂದಿಯಿಂದ ಕೇಳಿದರು, "ಯವ್ವಾ, ನಾಳಿ ಒಮ್ಮಿ ಬರ್ಲ್ಯಾ? ಆಕಿನ್ನ ಮುಟ್ಟೂದಿಲ್ಲ."

"ಬ್ಯಾಡ್ರಿ" ಅಂದೆ. ಖಡಾಖಂಡಿತ.

ಮರುದಿನ ಬೆಳಕಾಗುತ್ತಲೇ ಬಂದರು. ಒಳಗೆ ಬರಲಿಲ್ಲ. ಹೊಸ್ತಿಲ ಹೊರಗೆ ನೆಲದ ಮೇಲೆ, ಮಗುವಿಗೆ ಬೆನ್ನು ಮಾಡಿ ಕೂತರು. ಅಂಗಿಯ ತೋಳು ಭುಜದವರೆಗೆ ಮಡಚಿದ್ದರು. ಯಾರಿಗೂ ಅಲ್ಲದಂತೆ, ರಸ್ತೆಗೆ ಹೇಳುವಂತೆ ಶುರು ಮಾಡಿದರು.

"ಮುಶಿಗೇರ್ಯಾಗ ಒಂದು ಹುಡುಗ ಇತ್ತು. ಅದು ಅಳೂದ ಹ್ಯಾಂಗ ಗೊತ್ತೇನು? ಮದ್ಲ ಬರೇ ಬಾಯಿ." ಬಾಯಿ ಅಗಲಿಸಿದರು. ಸದ್ದಿಲ್ಲ. ಎಷ್ಟೋ ಹೊತ್ತಿನ ಮೇಲೆ ಗದಗಿನ ರೈಲು ಕೂಗಿದ ಹಾಗೆ ಒಂದು ಸೀಟಿ ಬಂತು. ಬೀದಿಯ ನಾಯಿ ಎದ್ದು ಹೋಯಿತು.

"ಶಿರೋಳದ ಹುಡುಗಿ ಅಳ್ತಿದ್ದಿಲ್ಲ, ಬೈತಿತ್ತು. ನಿನ್ನ ಛತ್ರಿ ಹಾರಿಹೋಗ್ಲೋ. ನಿನ್ನ ಮೀಸಿಗೆ ಇರಿವಿ ಹತ್ಲೋ. ನಿನಗ ಹೆಣ್ತಿ ರೊಟ್ಟಿ ಕೊಡಬಾರದೋ."

ಆ ದನಿ ಅವರದಲ್ಲ, ಪೂರ್ತಿ ಆ ಹುಡುಗಿಯದೇ. ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡರು. ನನಗೆ ಸಿಟ್ಟು ಬರುತ್ತಿತ್ತು. ಡಾಕ್ಟರು ಕೊಟ್ಟ ಗಡುವು ಇವತ್ತು ಸಂಜೆಗೆ, ಚಮಚ ಕೈಯಲ್ಲೇ ಇದೆ, ಈ ಮನುಷ್ಯ ಬಾಗಿಲಲ್ಲಿ ಸೋಗು ಹಾಕುತ್ತಿದ್ದಾನೆ ಅಂತ. ಏಳಿಸಬೇಕೆಂದು ಎದ್ದೆ. ಅಷ್ಟರಲ್ಲಿ ಕಮಲಿ ಮುಖ ಬಾಗಿಲ ಕಡೆ ಹೊರಳಿಸಿದ್ದು ಕಂಡಿತು. ಅಲ್ಲೇ ಕೂತೆ.

"ಗಜೇಂದ್ರಗಡದ ಹುಡುಗ ಇನ್ನೂ ಶಾಣ್ಯಾ. ಅಣ್ಣಗ ಹಾಕಿದಿ, ಅಕ್ಕಗ ಹಾಕಿದಿ, ನಿನಗ ಯಾರ ಹಾಕ್ಯಾರ ಅಂತ ನನ್ನs ಕೇಳ್ತು."

ಹಾಸಿಗೆಯಿಂದ ಒಣಗಿದ ದನಿ ಬಂತು. ಎರಡು ದಿನದಲ್ಲಿ ಮೊದಲ ಮಾತು. "ಯಾರ ಹಾಕ್ಯಾರ?"

ಕಾಕಾ ತಿರುಗಲಿಲ್ಲ. "ಯಾರೂ ಹಾಕಿಲ್ಲಬೇ. ನೀ ಹಾಕ್ತೀಯೇನು?"

ಕೂತಲ್ಲೇ ಹಿಂದೆ ಹಿಂದೆ ಸರಿಯುತ್ತ ಹಾಸಿಗೆಯವರೆಗೆ ಬಂದರು, ಬೆನ್ನು ಮೊದಲು. ಕಮಲಿ ಕಡ್ಡಿಯಂಥ ಬೆರಳಿನಿಂದ ಅವರ ತೋಳು ಒತ್ತಿ ತಿರುವಿದಳು. ಮುಶಿಗೇರಿ ಹುಡುಗನ ರೈಲು ಕೂಗಿತು. ಅವಳು ನಕ್ಕಳು. ಅದು ನಗೆಯೋ ಕೆಮ್ಮೋ ಅಂತ ನಾನೂ ಅತ್ತೆಯೂ ಮುಖ ಮುಖ ನೋಡಿಕೊಂಡೆವು.

"ಆತು, ಈಗ ನನಗ ಜ್ವರ ಬರ್ತಾವ. ಆ ಪುಡಿ ನನಗ ಕೊಡು. ಕಹಿ ಇದ್ರ ಮಾತ್ರ ಒಲ್ಲೆ. ನೀ ರುಚಿ ನೋಡಿ ಹೇಳು."

ಅವಳು ನೆಕ್ಕಿ ಹೇಳಿದಳು, "ಕಹಿ ಇಲ್ಲ."

"ಸುಳ್ಳ ಹೇಳಬ್ಯಾಡ. ಖರೇ ಹೇಳು. ಇನ್ನೊಂದಿಷ್ಟು ನೋಡು."

ಮುದುಕನಿಗೆ ಮೋಸ ಮಾಡುವ ಹುರುಪಿನಲ್ಲಿ ನನ್ನ ಮಗಳು ಅಷ್ಟೂ ಪುಡಿ ತಿಂದಳು. ಆಮೇಲೆ ಅದು ನಿಲ್ಲುವುದೋ ಇಲ್ಲವೋ ಅಂತ ಮಧ್ಯಾಹ್ನದವರೆಗೂ ಯಾರೂ ಜೋರಾಗಿ ಉಸಿರಾಡಲಿಲ್ಲ. ನಿಂತಿತು. ವಾರದಲ್ಲಿ ಜ್ವರ ಇಳಿಯಿತು. ಸೇತುವೆ ದಾಟಿ ಬಂದ ಯಜಮಾನರಿಗೆ ಅವಳು ಬಾಗಿಲಲ್ಲೇ ದೇವಿ ಹಾಕಿದಳು.

ಒಮ್ಮೆ ನಾನು ನೇರವಾಗಿ ಕೇಳಿದ್ದೆ, "ಕಾಕಾರ, ಅಷ್ಟ ವರ್ಷ ಯಾಕ ಅಷ್ಟ ಕಲ್ಲಾಗಿದ್ರಿ?"

"ಒಂದು ಕೂಸಿನ ಅಳು ಕಿವಿಗೆ ಹಾಕ್ಕೊಂಡ್ರ ಮುಂದಿನ ಕೂಸಿಗೆ ಕೈ ಏಳ್ತಿದ್ದಿಲ್ಲ. ಹಾಕದ ಬಿಟ್ಟ ಒಂದು ಕೂಸಿನ್ನ ಮಣ್ಣ ಮಾಡಿದ್ದು ನೋಡೇನಿ. ಅದಕ್ಕ ಕೇಳೂದs ಬಿಟ್ಟೆ ಅಂತ ತಿಳಿದಿದ್ದೆ." ಮಣಿಕಟ್ಟು ಸವರಿಕೊಳ್ಳುತ್ತ ಅಂದರು, "ಎಲ್ಲಾ ಕೇಳೇನಿ ಯವ್ವಾ. ಒಂದೂ ಬಿಟ್ಟಿಲ್ಲ."

ಆ ಮೇಲೆ ಜಡ್ಡಾದ ಮಕ್ಕಳ ಮನೆಯವರು ಅವರನ್ನು ನಿಜವಾಗಿಯೇ ಕರೆಯತೊಡಗಿದರು. ನರಗುಂದದಿಂದಲೂ ಗಾಡಿ ಬಂದದ್ದುಂಟು. ಎಲ್ಲ ಮಕ್ಕಳೂ ನಗಲಿಲ್ಲ, ಎಲ್ಲ ಮಕ್ಕಳೂ ಉಳಿಯಲೂ ಇಲ್ಲ. ಪ್ರತಿ ಸಲ ಹೊರಡುವ ಮೊದಲು ನಮ್ಮ ಬಾಗಿಲಿಗೆ ಬಂದು ಟೊಪ್ಪಿಗೆ ಕೈಯಲ್ಲಿ ತಿರುವುತ್ತ ನಿಲ್ಲುತ್ತಿದ್ದರು. "ನಗ್ಲಿಲ್ಲಂದ್ರ?" ಅನ್ನುವರು. ಪರೀಕ್ಷೆಗೆ ಹೊರಟ ಹುಡುಗರ ಮುಖ. ಎದೆಯ ತ್ರಾಸು ಶುರುವಾದ ಮೇಲೆ ಸೊಸೆ ಹೋಗಬೇಡಿರೆಂದು ಗದರುತ್ತಿದ್ದಳು. ಕೇಳಲಿಲ್ಲ. ಕೊನೆಯ ಸಲ ಮುಶಿಗೇರಿಗೆ ಹೋಗಿ ಬಂದು ನಮ್ಮ ಕಟ್ಟೆಗೆ ಒರಗಿ, "ನಕ್ಕಿತು. ಆದ್ರ ಭಾಳ ಹೊತ್ತ ತಗೊಂಡ್ತು" ಅಂದರು. ಎರಡು ದಿನಕ್ಕೆ ಹೋಗಿಬಿಟ್ಟರು.

ದುಃಖದಲ್ಲಿ ಮಾತಾಡಿಸಲು ಬಂದ ಹೆಂಗಸರಿಂದ ಅವರ ಮನೆ ತುಂಬಿತ್ತು. ಸುದ್ದಿ ತಿಳಿಯದೆ ಮುಶಿಗೇರಿಯ ಆ ತಾಯಿ ಗುಣವಾದ ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು, ಅವರಿಗೆಂದು ರೊಟ್ಟಿ ಬುತ್ತಿ ಹಿಡಿದು ಬಂದಳು. ನಮ್ಮನ್ನು ನೋಡಿ ಬಾಗಿಲಲ್ಲೇ ನಿಂತಳು. ಮಗು ಮಾತ್ರ ಒಬ್ಬೊಬ್ಬರ ಮುಖ ಹುಡುಕಿ, "ಅಳೂ ಅಜ್ಜ ಎಲ್ಲದಾನ?" ಅಂತ ಕೇಳಿತು.

ಅದರ ಕೆಳತುಟಿ ಹೊರಗೆ ಬರತೊಡಗಿತು. ಸೊಸೆ ನನ್ನ ಮುಖ ನೋಡಿದಳು. ನನಗೆ ಅವರಂತೆ ಅಳಲು ಬರುವುದಿಲ್ಲ, ಸುಳ್ಳು ಸುಳ್ಳೇ ಅಳುವುದಂತೂ ಆಗದು. ಆ ಮಗು ನಗದಿದ್ದರೆ? ಆದರೂ ಕಣ್ಣು ಒರೆಸಿಕೊಂಡು ಅದರ ಮುಂದೆ ನೆಲಕ್ಕೆ ಕೂತೆ.