ದಮ್ಮು ಸಾಲದ ಹುಡುಗಿ

ನಮ್ಮ ಮನೆಯಲ್ಲಿ ಕೆಮ್ಮಿದರೂ ಶ್ರುತಿಯಲ್ಲಿ ಕೆಮ್ಮಬೇಕಿತ್ತು. ಅಪ್ಪ ಧಾರವಾಡದ ಒಂದು ಶಾಲೆಯಲ್ಲಿ ಗಣಿತದ ಮಾಸ್ತರ. ಗಣಿತ ಹೊಟ್ಟೆಪಾಡಿಗೆ, ಸಂಗೀತ ಪ್ರಾಣಕ್ಕೆ. ಬೆಳಿಗ್ಗೆ ಪಡಸಾಲೆಯಲ್ಲಿ ತಂಬೂರಿ ಹಿಡಿದು ಕೂತನೆಂದರೆ ಅಡುಗೆಮನೆಯಲ್ಲಿ ಅವ್ವ ರೊಟ್ಟಿ ಬಡಿಯುವುದೂ ತಾಳಕ್ಕೆ ಸರಿಯಾಗಿರಬೇಕು ಎನ್ನುವಷ್ಟು ಹಟ. ಸಾರಿಗೆ ಉಪ್ಪು ಬೀಳದಿದ್ದರೆ ಸುಮ್ಮನೆ ಉಣ್ಣುತ್ತಿದ್ದ. ಸಮ್ ತಪ್ಪಿದರೆ ಮಾತ್ರ ಮೈಮೇಲೆ ದೆವ್ವ ಬಂದಂತೆ ಆಡುತ್ತಿದ್ದ. ಸಮ್ ಎಂದರೆ ತಾಳ ಒಂದು ಸುತ್ತು ಮುಗಿಸಿ ಮರಳಿ ಶುರುವಾಗುವ ಮೊದಲ ಪೆಟ್ಟು. ಹಾಡು ಎಲ್ಲೆಲ್ಲಿ ತಿರುಗಾಡಿದರೂ ಆ ಪೆಟ್ಟಿಗೆ ಸರಿಯಾಗಿ ಬಂದು ಸೇರಬೇಕು. ಕಲಿಯಲು ಬಂದ ಹುಡುಗರಲ್ಲಿ ಯಾರಾದರೂ ತಪ್ಪಿದರೆ, "ಎದ್ದು ಹೋಗಪಾ, ಸಂತ್ಯಾಗ ಕಾಯಿಪಲ್ಲೆ ಮಾರು ಹೋಗು" ಎಂದು ತಂಬೂರಿ ಕೆಳಗಿಡುತ್ತಿದ್ದ.

ನಾನು ಅವನ ಒಬ್ಬಳೇ ಮಗಳು, ಅವನ ಎಲ್ಲಕ್ಕಿಂತ ದೊಡ್ಡ ಆಸೆ ಕೂಡ. ಅಪ್ಪನ ಅಕ್ಕ, ಅಂದರೆ ನನ್ನ ಅತ್ತೆ, ಗಂಡ ತೀರಿದ ಮೇಲೆ ನಮ್ಮಲ್ಲೇ ಉಳಿದು ಮನೆಯ ಯಜಮಾನಿಕೆ ವಹಿಸಿಕೊಂಡಿದ್ದಳು. "ಹೆಣ್ಣ ಹುಡುಗಿಗೆ ಇಷ್ಟೆಲ್ಲಾ ಯಾಕ ಬೇಕೋ? ನಾಕು ವಚನಾ ಹಾಡಾಕ ಬಂದ್ರ ಸಾಕು, ನೋಡಾಕ ಬಂದವ್ರು ಒಪ್ಪತಾರ" ಎಂದು ಅವಳು ದಿನಾ ಗೊಣಗುವುದು ಅಪ್ಪನಿಗೆ ಕೇಳಿಸುತ್ತಿರಲಿಲ್ಲ. ಬೇಡವಾದದ್ದು ಕೇಳಿಸದಿರುವ ವಿದ್ಯೆ ಅವನಿಗೆ ಚೆನ್ನಾಗಿ ಸಿದ್ಧಿಸಿತ್ತು.

ನನಗೆ ಹದಿನೇಳು ನಡೆಯುತ್ತಿದ್ದಾಗ ಎದೆನೋವು ಶುರುವಾಯಿತು. ಎರಡನೆಯ ಮಹಾಯುದ್ಧಕ್ಕೆ ಇನ್ನೂ ಒಂದೆರಡು ವರ್ಷವಿತ್ತು. ನಮ್ಮ ಓಣಿಯಿಂದ ಸಿಹಿನೀರಿನ ಬಾವಿಗೆ ಬರಿಗೊಡ ಹಿಡಿದು ಹೋಗುವಾಗ ಇಳಿಜಾರು, ತುಂಬಿದ ಕೊಡ ಹೊತ್ತು ಬರುವಾಗ ಏರು. ಆ ದಾರಿ ಮಾಡಿದವನಿಗೆ ಹೆಣ್ಣುಮಕ್ಕಳ ಮೇಲೆ ಏನು ಸಿಟ್ಟಿತ್ತೋ! ಏರಿನ ಅರ್ಧಕ್ಕೆ ಎದೆಯ ಎಡಭಾಗವನ್ನು ಯಾರೋ ಒಳಗಿನಿಂದ ಹಿಂಡಿದಂತಾಗುತ್ತಿತ್ತು. ಗುಂಡಿಗೆ ಡವಡವ ಬಡಿದುಕೊಂಡು ಗಂಟಲಿನ ತನಕ ಏರಿ ಬರುತ್ತಿತ್ತು. ನಾನು ಕೊಡ ಕೆಳಗಿಟ್ಟು, ಕಾಲಿಗೆ ಮುಳ್ಳು ಹತ್ತಿದೆಯೆಂದು ಬಗ್ಗಿ ನೋಡುವ ನಾಟಕ ಮಾಡುತ್ತಿದ್ದೆ. ಈ ವಯಸ್ಸಿನಲ್ಲೂ ಏರು ಬಂತೆಂದರೆ ನನ್ನ ಕಾಲಿಗೆ ಮುಳ್ಳು ಹತ್ತುತ್ತದೆ. ಈಗ ನಗುತ್ತೇನೆ, ಆಗ ನಗು ಬರುತ್ತಿರಲಿಲ್ಲ. ಇನ್ನೊಂದು ಹೆಜ್ಜೆ ಇಟ್ಟರೆ ಇಲ್ಲೇ ಬಿದ್ದು ಸಾಯುತ್ತೇನೆ ಎನ್ನಿಸುತ್ತಿತ್ತು.

ಅವ್ವನ ಕಣ್ಣು ತಪ್ಪಿಸಲಾಗಲಿಲ್ಲ. ಮೊದಲು ಅವಳು ವಾಯು ಎಂದು ಅಜವಾನ ಕುದಿಸಿದ ನೀರು ಕುಡಿಸಿದಳು. ಆಮೇಲೆ ಉಪ್ಪಿನ ಗಂಟು ಕಾಸಿ ಎದೆಗೆ ಶಾಖ ಕೊಟ್ಟಳು. ಯಾವುದಕ್ಕೂ ಬಗ್ಗದಿದ್ದಾಗ ಅತ್ತೆ ದೃಷ್ಟಿ ತೆಗೆದಳು. ತೆಗೆದಾದ ಮೇಲೆ ನನ್ನ ಕಿವಿಯ ಹತ್ತಿರ ಬಂದು, "ಎದಿನೋವು ಅಂತ ಹೊರಗ ಬಾಯಿ ಬಿಡಬ್ಯಾಡ. ಮಂದಿ ಕ್ಷಯ ಅಂತಾರ. ಹುಬ್ಬಳ್ಳಿಯವ್ರು ನಿನ್ನ ನೋಡಾಕ ಬರಾಂವ್ರು ಅದಾರ, ನೆನಪಿರಲಿ" ಎಂದಳು. ಹುಬ್ಬಳ್ಳಿಯ ಅರಳೆ ವ್ಯಾಪಾರಸ್ಥರ ಮನೆಯವರು ಬರುವುದಾಗಿ ಹೇಳಿ ಕಳಿಸಿದ್ದರು. ಹುಡುಗ ಹಾಡು ಕೇಳುವುದರಲ್ಲಿ ಆಸಕ್ತನಂತೆ.

ಅಪ್ಪ ಕಂಡುಹಿಡಿದದ್ದೇ ಬೇರೆ. ಹಾಡುವಾಗ ನಾನು ಸಾಲಿನ ನಡುವೆಯೇ ಉಸಿರು ಎಳೆದುಕೊಳ್ಳುತ್ತಿದ್ದುದನ್ನು ಅವನು ಗಮನಿಸಿದ್ದ. "ದಮ್ಮ ಸಾಲವಲ್ದು ನಿನಗ. ರಿಯಾಜ ಕಡಿಮಿ ಆಗೈತಿ" ಎಂದ. ದಮ್ಮು ಸಾಲದವರಿಗೆ ನಮ್ಮಂಥವರ ಮನೆಯಲ್ಲಿ ಇದ್ದದ್ದು ಒಂದೇ ಔಷಧ, ಇನ್ನಷ್ಟು ಹಾಡುವುದು. ಬೇರೆ ಯಾರ ಮನೆಯಲ್ಲಾದರೂ ಉಸಿರು ಹತ್ತುವ ಹುಡುಗಿಯನ್ನು ಮಲಗಿಸುತ್ತಿದ್ದರು. ನನ್ನನ್ನು ಬೆಳಕು ಹರಿಯುವ ಮುಂಚೆ ಎಬ್ಬಿಸಿ ಕೂರಿಸಿ, ಕೆಳಗಿನ ಷಡ್ಜ ಹಿಡಿಸಿದರು. ಅಪ್ಪ ತೋರುಬೆರಳು ಎತ್ತಿದರೆ ಸ್ವರ ಶುರು, ಬೆರಳು ಇಳಿಸುವ ತನಕ ನಿಲ್ಲಿಸುವ ಹಾಗಿಲ್ಲ. ನನ್ನ ಕಣ್ಣಿನ ಅಂಚಿನಲ್ಲಿ ಕತ್ತಲೆ ಸೇರಿಕೊಳ್ಳುತ್ತಿತ್ತು, ನಡುವೆ ಆ ಬೆರಳೊಂದೇ ಕಾಣುತ್ತಿತ್ತು. ಇಷ್ಟಾದರೂ ನನಗೆ ಅಪ್ಪನ ಮೇಲೆ ಸಂಶಯ ಬರಲಿಲ್ಲ. ನನ್ನದೇ ಸೋಮಾರಿತನ ಎಂದು ನಂಬಿ ಇನ್ನೂ ಜೋರಾಗಿ ಎಳೆಯುತ್ತಿದ್ದೆ.

ಒಂದು ಬೆಳಿಗ್ಗೆ ಬೆರಳು ಮೇಲಿರುವಾಗಲೇ ಕೆಮ್ಮು ನುಗ್ಗಿ ಬಂತು. ಸೆರಗಿನಿಂದ ಬಾಯಿ ಒರೆಸಿಕೊಂಡರೆ ಸೆರಗಿನಲ್ಲಿ ರಕ್ತದ ಎಳೆ ಇತ್ತು. ಅಪ್ಪ ಬೆರಳು ಇಳಿಸುವುದನ್ನು ಮರೆತು ಹಾಗೇ ಕೂತುಬಿಟ್ಟ. ಅವ್ವ ಹಿಟ್ಟಿನ ಕೈಯಲ್ಲೇ ಓಡಿ ಬಂದು ಸೆರಗು ಕಸಿದು ನೋಡಿದಳು. ಅಳಲಿಲ್ಲ. "ಇವತ್ತ ಹುಬ್ಬಳ್ಳಿಗೆ ಕರಕೊಂಡು ಹೋಗ್ರಿ. ಸಾಲಿ ಇದ್ರ ಇರಲಿ" ಎಂದಳು. ಅವ್ವ ಅಪ್ಪನಿಗೆ ಹುಕುಂ ಮಾಡಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ರೈಲಿನಲ್ಲಿ ಗಾಲಿಗಳ ಸದ್ದಿಗೆ ಮೊಣಕಾಲ ಮೇಲೆ ತಾಳ ಹಾಕಿ ಪಕ್ಕದವರಿಗೆ ತಲೆನೋವು ತರುವುದು ಅಪ್ಪನ ಚಟ. ಆ ದಿನ ಅವನ ಕೈಗಳು ಸುಮ್ಮನಿದ್ದವು. ನಾನು ಕ್ಷಯವೆಂದೇ ತೀರ್ಮಾನ ಮಾಡಿಕೊಂಡಿದ್ದೆ. ನನ್ನ ತಟ್ಟೆ, ತಂಬಿಗೆ ಬೇರೆ ಇಡುತ್ತಾರೆ, ಹಿತ್ತಲಿನ ಕೋಣೆಗೆ ಹಾಕುತ್ತಾರೆ, ನನ್ನ ತಂಬೂರಿಯನ್ನು ಅಪ್ಪನ ಹತ್ತಿರ ಕಲಿಯುವ ಆ ಅಪಸ್ವರದ ಹುಡುಗರಲ್ಲಿ ಒಬ್ಬನಿಗೆ ಕೊಡುತ್ತಾರೆ. ಹುಬ್ಬಳ್ಳಿಗೆ ಮುಂಚಿನ ಉಣಕಲ್ ದಾಟುವ ಹೊತ್ತಿಗೆ ನಾನು ಸತ್ತು, ನನ್ನ ಮೂರನೆಯ ದಿನದ ಕಾರ್ಯವೂ ಮುಗಿದಿತ್ತು.

ಡಾಕ್ಟರು ಮುಂಬೈಯಲ್ಲಿ ಓದಿ ಬಂದ ವಯಸ್ಸಾದವರು. ನರ್ಸ್‌ಬಾಯಿಯನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ಕುಪ್ಪಸದ ಮೇಲಿಂದಲೇ ಎದೆಗೆ ಸ್ಟೆಥಾಸ್ಕೋಪಿನ ನಳಿಗೆ ಇಟ್ಟು ಕೇಳಿದರು. ಎಡ ಮಗ್ಗುಲಿಗೆ ಹೊರಳು ಎಂದರು. ಮತ್ತೆ ಅಲ್ಲೇ ಇಟ್ಟು ಕಣ್ಣು ಮುಚ್ಚಿದರು. ಅವರು ಕಣ್ಣು ತೆರೆಯುವುದು ತಡವಾದಷ್ಟೂ ನನ್ನ ಎದೆ ಇನ್ನೂ ಜೋರಾಗಿ ಬಡಿದುಕೊಂಡಿತು.

"ಸಣ್ಣಾಕಿದ್ದಾಗ ಜ್ವರಾ ಬಂದು ಕೀಲು ಬಾತಿದ್ದವೇನವಾ?"

ಬಾತಿದ್ದವು. ಎಂಟೊಂಬತ್ತು ವರ್ಷದವಳಿದ್ದಾಗ ಮೊದಲು ಮೊಣಕಾಲು, ಆಮೇಲೆ ಕಾಲಿನ ಹರಡು, ಆಮೇಲೆ ಮೊಣಕೈ. ಅವ್ವ ಎಣ್ಣೆ ತಿಕ್ಕಿದ್ದಳು, ಜ್ವರ ಇಳಿದಿತ್ತು, ಎಲ್ಲರೂ ಮರೆತಿದ್ದರು.

"ಆ ಜ್ವರಾ ಕೀಲು ಬಿಟ್ಟು ಹೋತು, ಎದಿ ಬಿಡಲಿಲ್ಲ" ಎಂದರು ಡಾಕ್ಟರು, ಅಪ್ಪನ ಕಡೆ ತಿರುಗಿ. "ಇದು ಕ್ಷಯ ಅಲ್ಲರೀ ಮಾಸ್ತರ. ಹೃದಯದಾಗ ರಕ್ತ ಹಾದು ಹೋಗಲಿಕ್ಕೆ ಬಾಗಿಲಾ ಇರ್ತಾವ. ಈಕಿದು ಒಂದು ಬಾಗಿಲಾ ಪೂರಾ ತೆರಿಯೂದಿಲ್ಲ."

ಅಪ್ಪ ಒಪ್ಪಲಿಲ್ಲ. "ಹದಿನೇಳ ವರ್ಷದ ಹುಡುಗಿಗೆ ಎಂಥಾ ಹೃದಯದ ರೋಗರಿ ಸಾಹೇಬ್ರ? ಅದು ಮುದುಕರಿಗೆ ಬರೂದು. ಈಕಿಗೆ ದಮ್ಮ ಸಾಲಂಗಿಲ್ಲ, ಅಷ್ಟ. ರಿಯಾಜ ಮಾಡಿಸಾಕತ್ತೇನಿ, ಸರಿ ಆಗತೈತಿ."

ಡಾಕ್ಟರು ವಾದ ಮಾಡಲಿಲ್ಲ. ತಮ್ಮ ಕಿವಿಯಿಂದ ನಳಿಗೆ ತೆಗೆದು ಅಪ್ಪನ ಕಿವಿಗೆ ಹಚ್ಚಿದರು. "ನೀವು ತಾಳ ಬಲ್ಲವರು. ನೀವೇ ಕೇಳ್ರಿ."

ರೂಢಿಯಂತೆ ಅಪ್ಪನ ಬಲಗೈ ತೊಡೆಯ ಮೇಲೆ ಬಂತು, ಬೆರಳುಗಳು ಎಣಿಸತೊಡಗಿದವು. ನಿಂತವು. ಮತ್ತೆ ಮೊದಲಿನಿಂದ ಹಿಡಿದ. ಮತ್ತೆ ನಿಂತವು. ನಾನು ಮಲಗಿದಲ್ಲಿಂದ ಆ ಬೆರಳುಗಳನ್ನೇ ನೋಡುತ್ತಿದ್ದೆ. ಎಂಥೆಂಥ ಕಠಿಣ ತಾಳದಲ್ಲೂ ದಾರಿ ತಪ್ಪದ ಬೆರಳುಗಳು ನನ್ನ ಎದೆಯಲ್ಲಿ ದಾರಿ ತಪ್ಪಿದ್ದವು. ಡಾಕ್ಟರು ಹೇಳಿದ್ದನ್ನು ನಂಬದಿರಲು ನನಗೆ ಸಾಧ್ಯವಿತ್ತೋ ಏನೋ, ಆ ಕೈಯನ್ನು ನಂಬದಿರಲು ಆಗಲಿಲ್ಲ. ಅಪ್ಪ ನಳಿಗೆ ತೆಗೆದು ಕೊಟ್ಟು, "ಸಾಕ್ರಿ" ಎಂದ.

ಆಮೇಲೆ ಡಾಕ್ಟರು ಹೇಳಿದ್ದನ್ನೆಲ್ಲ ನಾನು ಅರ್ಧಂಬರ್ಧ ಕೇಳಿಸಿಕೊಂಡೆ. ಆ ಬಾಗಿಲನ್ನು ರಿಪೇರಿ ಮಾಡುವ ಔಷಧವಿಲ್ಲ. ಏರು ಹತ್ತಬಾರದು, ಕೊಡ ಹೊರಬಾರದು, ಉಪ್ಪು ಕಡಿಮೆ ಮಾಡಬೇಕು. ಅಪ್ಪ ಮದುವೆಯ ಮಾತು ತೆಗೆದಾಗ ಅವರು ದನಿ ತಗ್ಗಿಸಿದರು. ತಗ್ಗಿಸಿದ್ದರಿಂದಲೇ ನಾನು ಕಿವಿಗೊಟ್ಟೆ. "ಬಸಿರು, ಬಾಣಂತನ ಈ ಎದಿ ತಡಿಯೂದಿಲ್ಲರಿ. ಸಂಭಾಳಿಸಿಕೊಂಡು ಇದ್ರ ಭಾಳ ವರ್ಷ ಇದ್ದವರೂ ಇದ್ದಾರ. ಖಾತ್ರಿ ಮಾತ್ರ ನಾ ಹೇಳಲಾರೆ." ನಾನೆಷ್ಟು ವರ್ಷ ಇರುತ್ತೇನೆ ಎಂದು ಕೇಳಬೇಕೆನ್ನಿಸಿತು. ಉತ್ತರ ಹೇಳಿಬಿಟ್ಟರೆ ಏನು ಗತಿ ಎಂದು ಹೆದರಿ ಸೆರಗು ಸರಿಮಾಡಿಕೊಂಡೆ.

ಮನೆಯಲ್ಲಿ ಅತ್ತೆ ಒಂದೇ ಮಾತಿನಲ್ಲಿ ಡಾಕ್ಟರನ್ನು ಮುಗಿಸಿದಳು. "ಡಾಕ್ಟರು ಏನ ದೇವರೇನು? ಮದಿವಿ ಆಗಲಿ, ಎಲ್ಲಾ ನೆಟ್ಟಗಾಗತೈತಿ. ಈಗ ಬಾಯಿ ಬಿಟ್ರ ಈ ಹುಡುಗಿ ಕಡೀತನಾ ಇಲ್ಲೇ ಕುಂದರತಾಳ, ನೋಡು." ಹುಬ್ಬಳ್ಳಿಯವರಿಗೆ ಬರಬೇಡಿರೆಂದು ಯಾರೂ ಹೇಳಿ ಕಳಿಸಲಿಲ್ಲ.

ಆ ದಿನಗಳ ಹೆದರಿಕೆಯನ್ನು ಹೇಗೆ ಹೇಳಲಿ? ಎಡಕ್ಕೆ ಹೊರಳಿ ಮಲಗಿದರೆ ದಿಂಬಿನಲ್ಲಿ ನನ್ನದೇ ಎದೆಬಡಿತ ಕೇಳುತ್ತಿತ್ತು. ಒಂದು ಬಡಿತ ತಡವಾದರೆ ಮುಂದಿನದು ಬರುವ ತನಕ ಉಸಿರು ಹಿಡಿದು ಕಾಯುತ್ತಿದ್ದೆ. ಬಲಕ್ಕೆ ಹೊರಳಿದರೆ ಕೇಳುತ್ತಿರಲಿಲ್ಲ, ಆಗ ನಿಂತೇ ಹೋಯಿತೇನೋ ಎಂದು ಮತ್ತೆ ಎಡಕ್ಕೆ ಹೊರಳುತ್ತಿದ್ದೆ. ಅತ್ತೆಯ ಮಾತು ಗೆದ್ದರೆ ಹೆರಿಗೆಯಲ್ಲಿ ಸಾಯುತ್ತೇನೆ. ಅಪ್ಪ ಬಾಯಿ ಬಿಟ್ಟರೆ ಮದುವೆಯಿಲ್ಲದೆ ಸಾಯುತ್ತೇನೆ. ನನಗೆ ಬದುಕೂ ಬೇಕಿತ್ತು, ಮದುವೆಯೂ ಬೇಕಿತ್ತು, ಹಾಡು ಕೇಳುವ ಆ ಹುಡುಗನೂ ಬೇಕಾಗಿದ್ದ. ಇದನ್ನೆಲ್ಲ ನನ್ನನ್ನು ಯಾರೂ ಕೇಳಲಿಲ್ಲ.

ಅವರು ಬಂದರು. ಹುಡುಗನ ತಂದೆ ತಾಯಿ, ಸಭ್ಯ ಜನ. ಅವ್ವ ಇಳಕಲ್ ಸೀರೆ ಉಡಿಸಿದಳು, ಅತ್ತೆ ಹೂವು ಮುಡಿಸುತ್ತ ಹೆಳಲನ್ನು ಒಂದಿಷ್ಟು ಜಗ್ಗಿ ಎಚ್ಚರಿಕೆ ಕೊಟ್ಟಳು. ಅವಲಕ್ಕಿ, ಉಂಡಿ ಆದ ಮೇಲೆ ಹುಡುಗನ ತಾಯಿ, "ಒಂದ ವಚನಾ ಹಾಡವಾ" ಎಂದಳು. ನಾನು ತಂಬೂರಿ ಎತ್ತಿಕೊಂಡೆ. ಅಪ್ಪ ಪಕ್ಕದಲ್ಲಿ ಕೂತು ತೊಡೆಯ ಮೇಲೆ ತಾಳ ಹಿಡಿದ. ಮೊದಲ ಸಾಲು ಹೇಗೋ ದಾಟಿತು. ಎರಡನೆಯದರ ನಡುವೆ ಉಸಿರು ಕಡಿಯಿತು. ಎಳೆದುಕೊಂಡೆ, ಮತ್ತೆ ಕಡಿಯಿತು.

"ನಾಚಿಕಿ, ಪಾಪ!" ಎಂದು ಆ ತಾಯಿ ನಕ್ಕಳು.

"ಹೌದ್ರಿ, ಭಾಳ ನಾಚಿಕಿ ಹುಡುಗಿ" ಎಂದು ಅತ್ತೆ ಕೂಡಲೇ ಹಿಡಿದುಕೊಂಡಳು.

ಅಷ್ಟೇ ಸಾಕಿತ್ತು. ಎಲ್ಲರೂ ನಕ್ಕು, ಸಕ್ಕರೆ ಹಂಚಿ, ಮಾತು ಮುಗಿಯುವುದರಲ್ಲಿತ್ತು. ಆಗ ಅಪ್ಪನ ಕೈ ಬಂದು ನನ್ನ ತಂಬೂರಿಯ ತಂತಿಗಳ ಮೇಲೆ ಕೂತಿತು. ನಾದ ನಿಂತಿತು. "ನಾಚಿಕಿ ಅಲ್ರಿ" ಎಂದ ಅಪ್ಪ. "ಈಕಿ ಎದ್ಯಾಗ ರೋಗ ಐತಿ. ಹಡದ್ರ ಉಳಿಯಂಗಿಲ್ಲ ಅಂದಾರ ಡಾಕ್ಟರು. ನಾ ಕಿವಿಯಾರೆ ಕೇಳೇನಿ, ಸುಳ್ಳು ಹೇಳಲಾರೆ."

ಅವರು ಅವಮಾನ ಮಾಡಲಿಲ್ಲ. ತಾಯಿ ಹೋಗುವಾಗ ನನ್ನ ಕೆನ್ನೆ ಸವರಿ ಹೋದಳು. ಅದನ್ನೇ ನನಗೆ ತಡೆದುಕೊಳ್ಳಲಾಗಲಿಲ್ಲ. ಸೀರೆ ಬಿಚ್ಚಿ ಎಸೆದು ಅತ್ತುಬಿಟ್ಟೆ. ಅತ್ತೆ ಹಣೆ ಬಡಿದುಕೊಂಡಳು, ಓಣಿಯ ತುಂಬ ಕ್ಷಯವೆಂದು ಸುದ್ದಿ ಹಬ್ಬಿತು. ಅಪ್ಪನ ಮೇಲೆ ನನಗೆ ಬಂದ ಸಿಟ್ಟು ಇಷ್ಟಿಷ್ಟಲ್ಲ. ನನ್ನ ಜೀವ ಉಳಿಸಿದ್ದಾನೆ ಎಂದು ಗೊತ್ತಿತ್ತು, ಆದರೂ ಸಿಟ್ಟು ಬಂತು.

ಮರುದಿನ ಬೆಳಿಗ್ಗೆ ಅವನು ತಂಬೂರಿ ಶ್ರುತಿ ಮಾಡುವುದು ಕೇಳಿಸಿತು. ನಾನು ಏಳಲಿಲ್ಲ. ಬಾಗಿಲಿಗೆ ಬಂದು ನಿಂತ.

"ಬಾ ಯವ್ವಾ."

"ಇನ್ನ ಯಾಕ ಹಾಡ್ಲಿ? ಹಾಡಕೋತನ ಸಾಯ್ಲೇನು?"

ಅವನು ಹೋಗಿ ಕೂತು ತಂಬೂರಿ ಮೀಟುತ್ತಲೇ ಇದ್ದ. ಕೊನೆಗೆ ನಾನೇ ಎದ್ದು ಹೋಗಿ ಎದುರು ಕೂತೆ. ಅವನು ಬೆರಳು ಎತ್ತಲಿಲ್ಲ. ತೊಡೆಯ ಮೇಲೆ ತಾಳವನ್ನು ನಿಧಾನವಾಗಿ, ಮೆಲ್ಲಗೆ ಹಿಡಿದ. ನಿನ್ನೆ ಅರ್ಧಕ್ಕೆ ಬಿಟ್ಟ ವಚನವನ್ನೇ ಎತ್ತಿಕೊಂಡೆ. ಎರಡನೆಯ ಸಾಲಿನ ನಡುವೆ ಉಸಿರು ಕಡಿಯಿತು, ಅದೇ ಜಾಗದಲ್ಲಿ. ತಾಳದ ಸುತ್ತು ಇನ್ನೂ ಅರ್ಧ ಉಳಿದಿತ್ತು. ನಾನು ಬೈಗುಳಕ್ಕೆ ಕಾದು ತಲೆ ತಗ್ಗಿಸಿದೆ. ಸಮ್ ತಪ್ಪಿದವರನ್ನು ಸಂತೆಗೆ ಅಟ್ಟುತ್ತಿದ್ದ ಅಪ್ಪ, ನನ್ನ ಉಸಿರು ಕಡಿದ ಜಾಗದಲ್ಲೇ ಕೈ ಎತ್ತಿ ಸಮ್ ಹಾಕಿದ.