ಎಡಗೈ ಮುದ್ದೆ

ಮೇವು ಕತ್ತರಿಸುವ ಯಂತ್ರಕ್ಕೆ ಸಿಕ್ಕಿ ನನ್ನ ಸೋದರತ್ತೆಯ ಬಲಗೈ ಮೊಣಕೈಯ ಕೆಳಗೆ ಹೋಯಿತು. ಅದಿಯಮಾನ್‌ಕೋಟೆಯ ಪಕ್ಕದ ಊರು ಅವರದು. ನೋಡಲು ಬಂದವರೆಲ್ಲ “ಪಾವಂ, ಪಾವಂ” ಎಂದು ಮರುಗಿ ಬಾಳೆಹಣ್ಣು ಇಟ್ಟು ಹೋದರು. ಅತ್ತೆಯ ಸೊಸೆ ಒಲೆಯ ಮುಂದೆ ಕೂತಳು, ಅತ್ತೆ ಜಗಲಿಗೆ ಬಂದರು. ಕೈ ಹೋದದ್ದಕ್ಕಿಂತ ಅವರಿಗೆ ಹೆಚ್ಚು ನೋವಾದದ್ದು ಅದೇ.

“ಇರೋ ಕೈಯಾಗೇ ಮುದ್ದೆ ಕಟ್ತೀನಿ” ಎಂದು ಒಂದು ದಿನ ಅತ್ತೆ ಹಟ ಹಿಡಿದರು. ಅತ್ತೆಯ ಮಾವ ಎಡಗೈಯಲ್ಲಿ ಕೊಟ್ಟ ವೀಳ್ಯದೆಲೆಯನ್ನೂ ಮುಟ್ಟದ ಮನುಷ್ಯ. ಎಡಗೈ ಮುದ್ದೆಯನ್ನು ಅವರು ಉಣ್ಣುವುದುಂಟೆ? ಅವರು ತಟ್ಟೆ ಸರಿಸಿಬಿಟ್ಟರೆ ಅತ್ತೆ ಮತ್ತೆ ಒಲೆಯ ಹತ್ತಿರ ಸುಳಿಯುವುದಿಲ್ಲವೆಂದು ನನಗೆ ಗೊತ್ತಿತ್ತು.

ನಾನು ಸೇಲಂನಿಂದ ಹೋದ ದಿನ ಅತ್ತೆ ಹಿತ್ತಲಲ್ಲಿ ಹಳೇ ಪಾತ್ರೆಯಲ್ಲಿ ಕೆರೆಮಣ್ಣು ಕಲಸಿ, ಎಡಗೈಗೆ ರೂಢಿಯಾಗಲೆಂದು ಕೋಲಿನಿಂದ ತಿರುವುತ್ತಿದ್ದರು. ಆಡುಗಳು ನಿಂತು ನೋಡುತ್ತಿದ್ದವು.

“ಮಣ್ಣಿನ ಮುದ್ದೆ ಯಾರಿಗೆ, ಅತ್ತೆ?” ಎಂದೆ.

“ನಿಂಗೇ ಕಣ್ಲಾ, ಎಲೆ ಆಕ್ಕೊಂಡು ಕೂತ್ಕೋ!”

ಮರುದಿನ ನಿಜವಾದ ರಾಗಿ. ಕುದಿಯುವ ಪಾತ್ರೆಯನ್ನು ಸೊಸೆ ಇಳಿಸಿಕೊಟ್ಟಳು, ಅಷ್ಟೇ. ಅತ್ತೆ ಪಾತ್ರೆಯ ಕಂಠಕ್ಕೆ ಕೊಟ್ಟ ಕವೆಗೋಲನ್ನು ಎರಡೂ ಪಾದಗಳಿಂದ ಅದುಮಿ ಪಾತ್ರೆ ಅಲುಗದಂತೆ ಮಾಡಿದರು. ಮುದ್ದೆಕೋಲಿನ ತುದಿಯನ್ನು ಬಲ ಮೊಣಕೈಯ ಮಡಿಕೆಯಲ್ಲಿ ಸಿಕ್ಕಿಸಿ ಎಡಗೈಯಿಂದ ತಿರುವಿದರು. ಕೋಲಿನ ಜೊತೆ ಅವರ ಮೈಯೆಲ್ಲ ತಿರುಗಿತು. ಬೆವರು ಮೂಗಿನ ತುದಿಗೆ ಬಂದು ನಿಂತರೂ ಒರೆಸಿಕೊಳ್ಳಲು ಕೋಲು ಬಿಡಲಿಲ್ಲ. ಆಮೇಲೆ ಒದ್ದೆ ಬಟ್ಟಲಿಗೆ ಬೆಂದ ಹಿಟ್ಟು ಹಾಕಿ ಎಡಗೈಯಲ್ಲೇ ಗಿರಗಿರನೆ ಆಡಿಸಿದರು. ಬಟ್ಟಲೊಳಗೆ ಮುದ್ದೆ ತಾನೇ ಉರುಳಿ ಉರುಳಿ ದುಂಡಗಾಯಿತು. ಎರಡು ಕೈ ಇಟ್ಟುಕೊಂಡು ನಾನು ಏನನ್ನಾದರೂ ಇಷ್ಟು ದುಂಡಗೆ ಮಾಡಿದ್ದುಂಟೆ? ಕೈ ಮುಗಿಯಬೇಕೆನಿಸಿತು.

ಅತ್ತೆ ತಮ್ಮ ಮಾವನ ತಟ್ಟೆಗೆ ಬಟ್ಟಲು ಬಗ್ಗಿಸಿದರು. ಮುದುಕರು ಮುದ್ದೆ ನೋಡಿದರು, ಅತ್ತೆಯ ಎಡಗೈ ನೋಡಿದರು. ಸೊಸೆ ಸೆರಗು ಬಾಯಿಗಿಟ್ಟುಕೊಂಡಳು. ಅವರು ನಿಧಾನವಾಗಿ ಮುರಿದು, ಸಾರಿಗದ್ದಿ, ನುಂಗಿದರು. ಇನ್ನೊಂದು ತುತ್ತು ನುಂಗಿ ಮುಖ ಸಿಂಡರಿಸಿದರು.

“ಏನಮ್ಮಾ, ಗಂಟು ಐತಲ್ಲ ಮುದ್ದೆಯಾಗೆ!”

ಕೈ ಹೋದಂದಿನಿಂದ ಆ ಮನೆಯಲ್ಲಿ ಅತ್ತೆಯನ್ನು ಯಾರೂ ಗದರಿರಲಿಲ್ಲ. ಅವರ ಮುಖ ಅರಳಿತು.

“ಗಂಟಿದ್ರೆ ನುಂಗಿ ಮಾವಾ,” ಎಂದರು. “ನಾಳೀಕೂ ನಾನೇ ಮಾಡೋದು.”