ನಾಲ್ಕೂ ಚಕ್ರ ಎಳೆಯುವ ಗಾಡಿ

ಊರಿನ ನಲ್ಲಿಗಳಲ್ಲಿ ಬೆಳಿಗ್ಗೆ ನೀರು ಬಂದರೆ ಅದು ದೊರೆಯ ಕೃಪೆ. ದೊರೆ ಎಂದರೆ ಕಿರೀಟ ಗಿರೀಟ ಇಟ್ಟವನಲ್ಲ, ಗುಡ್ಡದ ಮೇಲಿನ ನೀರು ಶುದ್ಧೀಕರಣ ಘಟಕದ ಆಪರೇಟರ್. ಈ ಹೆಸರಿಟ್ಟವನು ಅವನ ಹೆಂಡತಿಯ ತಮ್ಮ, ಕೆಳಗೆ ಊರಿನಲ್ಲಿ ಗ್ಯಾರೇಜು ಇಟ್ಟುಕೊಂಡವನು. "ನಮ್ಮ ಭಾವ ಮೇಲೆ ವಾಲ್ವ್ ತಿರುಗಿಸಿದ್ರೆ ಕೆಳಗೆ ಇಡೀ ಊರು ಮುಖ ತೊಳ್ಕೊಳ್ಳುತ್ತೆ. ದೊರೆ ಅಲ್ದೆ ಇನ್ನೇನು?" ಎಂದು ಒಂದು ದಿನ ತಮಾಷೆಗೆ ಅಂದಿದ್ದು ಹಾಗೇ ಅಂಟಿಕೊಂಡಿತು. ದೊರೆಗೆ ಅದರಿಂದ ಬೇಸರವೇನೂ ಆಗಲಿಲ್ಲ. ಮೇಲೆ ಮೇಲೆ ಗದರಿದನೇ ಹೊರತು ಒಳಗೊಳಗೇ ಹಿಗ್ಗಿದ.

ಹಿಗ್ಗುವುದಕ್ಕೆ ಕಾರಣವೂ ಇತ್ತು. ಹೊಳೆಯ ನೀರು ಕೆಂಪಗೆ ರಾಡಿಯಾಗಿ ಬಂದ ದಿನ ಪಟಿಕದ ದ್ರಾವಣ ಎಷ್ಟು ಬಿಡಬೇಕು, ಮರಳಿನ ಹಾಸು ಯಾವಾಗ ಕಟ್ಟಿಕೊಂಡಿದೆ, ಅದನ್ನು ಯಾವಾಗ ಅಡಿಯಿಂದ ನೀರು ನುಗ್ಗಿಸಿ ತೊಳೆಯಬೇಕು, ಇವೆಲ್ಲ ಅವನಿಗೆ ಕರತಲಾಮಲಕ. ಮೇಲಿನವರು ಯಾರೂ ಬಂದು ತಲೆ ಹಾಕುತ್ತಿರಲಿಲ್ಲ. ಗುಡ್ಡದ ಮೇಲೆ ಅವನು ಹೇಳಿದ್ದೇ ವೇದವಾಕ್ಯ.

ಆದರೆ ದೊರೆಯ ಅರಮನೆ ಮಾತ್ರ ದೇವರಿಗೇ ಪ್ರೀತಿ. ಘಟಕಕ್ಕೆ ಅಂಟಿಕೊಂಡಂತೆ ಎರಡು ಕೋಣೆಯ ಕ್ವಾರ್ಟರ್ಸು. ಒಂದು ಕಡೆ ತುಂಬಿದ ತೊಟ್ಟಿಗಳು, ಇನ್ನೊಂದು ಕಡೆ ಬಿಸಿಲನ್ನೇ ಕಾಣದ ಬಂಡೆ. ಗೋಡೆಯ ಗಾರೆ ಬೊಬ್ಬೆ ಎದ್ದು ಉದುರುತ್ತಿತ್ತು. ಬೀರುವಿನಲ್ಲಿಟ್ಟ ಬಟ್ಟೆಗೆ ಬೂಷ್ಟು ಹಿಡಿಯುತ್ತಿತ್ತು. ಬೆಂಕಿಕಡ್ಡಿ ಗೀರಿದರೆ ಹೊತ್ತಿಕೊಳ್ಳದೆ ತಲೆ ಕಳಚಿ ಬೀಳುತ್ತಿತ್ತು. ಇದರ ಮೇಲೆ ಕ್ಲೋರಿನ್ ವಾಸನೆ ಬೇರೆ. ದೊರೆಗೆ ಅದು ಮೂಗಿಗೇ ಬರುತ್ತಿರಲಿಲ್ಲ. ಅವನ ಹೆಂಡತಿಗೆ ಎದೆಗೇ ಇಳಿಯಿತು.

ಮದುವೆಯಾಗಿ ಗುಡ್ಡ ಹತ್ತಿದಾಗ ಅವಳಿಗೆ ನೆಗಡಿ ಬಿಟ್ಟರೆ ಇನ್ನೊಂದು ಕಾಯಿಲೆ ಗೊತ್ತಿರಲಿಲ್ಲ. ಮಗಳು ಹುಟ್ಟಿದ ಮೇಲೆ ಉಬ್ಬಸ ಶುರುವಾಯಿತು. ಮೊದಮೊದಲು ವರ್ಷಕ್ಕೊಮ್ಮೆ, ಆಮೇಲೆ ಮೋಡ ಕವಿದಾಗಲೆಲ್ಲ. ಕಿಟಕಿಯ ಬಳಿ ಹೊಲಿಗೆ ಯಂತ್ರ ಇಟ್ಟುಕೊಂಡು ಶಾಲೆಯ ಮಕ್ಕಳ ಯೂನಿಫಾರಂ ಹೊಲಿಯುತ್ತಿದ್ದಳು. ಉಸಿರಿಗೆ ಎಳೆದುಕೊಳ್ಳುವ ಮದ್ದು ಆ ಯಂತ್ರದ ಡ್ರಾಯರಿನಲ್ಲೇ ಇರುತ್ತಿತ್ತು. ಅಂಗಳದ ಆಚೆ ಕೆಲಸ ಮಾಡುತ್ತಿದ್ದ ದೊರೆಯ ಒಂದು ಕಿವಿ ಯಾವಾಗಲೂ ಯಂತ್ರದ ಸದ್ದಿನ ಮೇಲೆ. ಟಕಟಕ ಕೇಳುತ್ತಿದ್ದರೆ ಸರಿ. ಬಹಳ ಹೊತ್ತು ನಿಂತರೆ ಕೈಯಲ್ಲಿದ್ದುದನ್ನು ಬಿಸಾಕಿ ಓಡಿಬರುತ್ತಿದ್ದ. ಅವನಿಗೆ ಹೆಂಡತಿಯ ಮೇಲೆ ಪ್ರೀತಿ ಇರಲಿಲ್ಲ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಪ್ರೀತಿ ಬೇಕಾದಷ್ಟಿತ್ತು. ಬುದ್ಧಿಯೇ ಕಡಿಮೆಯಾದದ್ದು.

ಒಂದು ಸಲ ಹೀಗಾಯಿತು. ಆಗ ಅವರ ಬಳಿ ಇದ್ದದ್ದು ಹಳೆಯ ಪುಟ್ಟ ಕಾರು. ಉಬ್ಬಸ ಜೋರಾಗಿ ಅವಳನ್ನು ಕೂರಿಸಿಕೊಂಡು ಇಳಿಯುತ್ತಿರುವಾಗ ದಾರಿಯ ನಡುವೆ ಬರುವ ಸಣ್ಣ ಏರಿನಲ್ಲಿ ಮುಂದಿನ ಚಕ್ರಗಳು ಕೆಸರಿನಲ್ಲಿ ಗಿರಗಿರನೆ ತಿರುಗಿ ನಿಂತುಬಿಟ್ಟವು. ದೊರೆ, ಮಗಳು ಇಬ್ಬರೂ ಹಿಂದಿನಿಂದ ನೂಕಿದರು. ಒಳಗೆ ಅವಳು ಎರಡೂ ಕೈಯಲ್ಲಿ ಮುಂದಿನ ಸೀಟು ಹಿಡಿದು ಬಾಗಿ ಕೂತಿದ್ದಳು. ಹೇಗೋ ಆಸ್ಪತ್ರೆ ಮುಟ್ಟಿದರು. ಬೀಸುವ ದೊಣ್ಣೆ ತಪ್ಪಿತು.

ಡಾಕ್ಟರಮ್ಮ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, "ಔಷಧಿ ನಾನು ಕೊಡ್ತೀನಿ. ಆದ್ರೆ ಆ ಮನೆ ಬಿಡಿ. ಒಣಗಿದ ಜಾಗದಲ್ಲಿ ಇರ್ಲಿ ಇವ್ರು," ಎಂದರು.

ಹೊರಗೆ ಬಂದ ಮೇಲೆ, ಸುದ್ದಿ ತಿಳಿದು ಆಸ್ಪತ್ರೆಗೆ ಓಡಿಬಂದಿದ್ದ ಭಾವಮೈದುನ ಹೇಳಿದ: "ಭಾವ, ನನ್ನ ಗ್ಯಾರೇಜಿನ ಹಿಂದೆ ಒಂದು ಮನೆ ಖಾಲಿ ಇದೆ. ಎರಡು ಕಡೆಯಿಂದ ಬಿಸಿಲು ಬೀಳುತ್ತೆ. ನಿಮ್ಮ ಇಂಜಿನಿಯರೂ ಊರಿನ ಆಫೀಸಿಗೆ ಬಾ ಅಂತ ಕರೀತಿದಾರಲ್ಲ."

ಕರೆಯುತ್ತಿದ್ದುದು ನಿಜ. ದೂರು ವಿಭಾಗದಲ್ಲಿ ಒಂದು ಕುರ್ಚಿ. ನಲ್ಲಿಯಲ್ಲಿ ನೀರು ಬರಲಿಲ್ಲವೆಂದು ಫೋನು ಮಾಡಿದವರಿಂದ ಬೈಸಿಕೊಳ್ಳುವ ಕೆಲಸ. ದೊರೆಗೆ ಅದನ್ನು ನೆನೆದರೇ ಮೈ ಪರಚಿಕೊಳ್ಳುವಂತಾಗುತ್ತಿತ್ತು. ಆದರೆ ಹಾಗೆಂದು ಬಾಯಿಬಿಟ್ಟು ಹೇಳಲಿಲ್ಲ. "ನಾನಿಲ್ದಿದ್ರೆ ಮೇಲೆ ಯಾರು ನೋಡ್ತಾರೆ? ಊರು ರಾಡಿ ಕುಡೀಬೇಕಾ?" ಎಂದ.

ಹೆಂಡತಿ ಮೆಲ್ಲಗೆ, "ಆ ಬಿಸಿಲಿನ ಮನೇನ ಒಂದ್ಸಲ ನೋಡಿ ಬರೋಣ ರೀ," ಎಂದಳು.

"ನೋಡೋಣ," ಎಂದ ದೊರೆ. ಮಾರನೆಯ ದಿನ ನೋಡಲು ಹೋದದ್ದು ಕಾರಿನ ಅಂಗಡಿಗೆ.

ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬುದು ಅವನ ಲೆಕ್ಕ. ಮನೆ ಯಾಕೆ ಬದಲಾಯಿಸಬೇಕು, ಕಾರು ಬದಲಾಯಿಸಿದರೆ ಆಯಿತಲ್ಲ? ನಾಲ್ಕೂ ಚಕ್ರಕ್ಕೆ ಇಂಜಿನ್ನಿನ ಬಲ ಹೋಗುವ ಉದ್ದನೆಯ ವ್ಯಾಗನ್ ಗಾಡಿಗಳಿವೆ ಎಂದು ಎಲ್ಲೋ ಕೇಳಿದ್ದ. ಹೆಂಡತಿಯ ಜೊತೆಗೆ ಭಾವಮೈದುನನನ್ನೂ ಎಳೆದುಕೊಂಡು ಹೋದ. ಮಾರುವ ಹುಡುಗಿ, "ಒಂದು ಚಕ್ರ ಜಾರಿದ್ರೆ ಉಳಿದ ಮೂರು ಎಳೀತಾವೆ ಸರ್," ಎಂದು ವಿವರಿಸಿದಳು. ದೊರೆಗೆ ಆ ಮಾತು ಎದೆಗೆ ನಾಟಿತು. ಭಾವಮೈದುನ ಪಕ್ಕದಲ್ಲಿ ಗೊಣಗಿದ: "ನಾಲ್ಕು ಚಕ್ರಾನೂ ಒಂದೇ ಕಡೆ ಎಳೀತಾವೆ, ಸರಿ. ಗಂಡ ಹೆಂಡ್ತಿ ಇಬ್ರೂ ಒಂದೇ ಕಡೆ ಎಳೆಯೋ ಥರ ಯಾವುದಾದ್ರೂ ಮಾಡೆಲ್ ಇದ್ಯಾ ಕೇಳಿ."

ಆಯ್ಕೆಯ ಪರೀಕ್ಷೆಯನ್ನೂ ದೊರೆ ತನ್ನದೇ ರೀತಿಯಲ್ಲಿ ನಡೆಸಿದ. ಹಿಂದಿನ ಸೀಟು ಮಡಚಿಸಿ, ಮನೆಯಿಂದ ತಂದ ದಿಂಬು ಹಾಕಿ, ಹೆಂಡತಿಯನ್ನು ಒಳಗೆ ಮಲಗಿಸಿದ. ಕಾಲು ಚಾಚಲು ಜಾಗ ಸಾಲದ ಎರಡು ಗಾಡಿಗಳನ್ನು ತಳ್ಳಿಹಾಕಿದ. ಮೂರನೆಯದರಲ್ಲಿ ಅವಳು ಸಲೀಸಾಗಿ ಕಾಲು ಚಾಚಿದಳು. ಅಂಗಡಿಗೆ ಬಂದವರೆಲ್ಲ ತಿರುಗಿ ತಿರುಗಿ ನೋಡುತ್ತಿದ್ದರು. ಅವಳು ನಾಚಿಕೆಯಿಂದ ಸೆರಗು ಬಾಯಿಗೆ ಒತ್ತಿಕೊಂಡಿದ್ದಳು.

"ಹೇಗಿದೆ ಅಕ್ಕ?" ಎಂದ ತಮ್ಮ.

"ಮಲಗೋಕೇನೋ ಚೆನ್ನಾಗಿದೆ," ಎಂದು ಅವಳು ಎದ್ದು ಕೂತಳು. "ಆದ್ರೆ ಉಸಿರು ಸಿಗದೆ ಇರೋರು ಮಲಗ್ತಾರೇನೋ? ಎದ್ದು ಕೂತ್ಕೋತಾರೆ. ಇಷ್ಟು ವರ್ಷ ರಾತ್ರಿ ಎಲ್ಲಾ ಗೋಡೆಗೆ ಒರಗಿ ಕೂತಿರ್ತೀನಲ್ಲ, ನಿಮ್ಮ ಭಾವ ಅದನ್ನ ಏನು ಅಂದ್ಕೊಂಡಿದಾರೋ."

ತಮ್ಮನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ದೊರೆಯ ಮುಖ ಒಂದು ಗಳಿಗೆ ಪೆಚ್ಚಾಯಿತು. ಆದರೆ ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಗಿರಾಕಿ ಅವನು. ಅದೇ ಗಾಡಿಯನ್ನೇ ಕೊಂಡ. ಬಿಸಿಲಿನ ಮನೆಯ ಮಾತು ಅಲ್ಲಿಗೆ ಮುಗಿಯಿತು.

ಗಾಡಿ ಬೂದು ಬಣ್ಣದ್ದು, ಉದ್ದ, ಅಗಲ, ನಿಧಾನ. ಮಗಳು ಅದಕ್ಕೆ ಎಮ್ಮೆ ಎಂದು ಹೆಸರಿಟ್ಟಳು. ಎಮ್ಮೆಯಂತೆಯೇ ಹೊಟ್ಟೆಬಾಕ, ಪೆಟ್ರೋಲು ಎಷ್ಟು ಹಾಕಿದರೂ ಸಾಲದು. ಒಂದು ಟೈರು ತೂತಾದರೆ ಒಂದನ್ನೇ ಹೊಸದು ಹಾಕುವಂತಿಲ್ಲ, ನಾಲ್ಕೂ ಒಂದೇ ಸಮ ಸವೆದಿರಬೇಕು, ಇಲ್ಲವಾದರೆ ಒಳಗಿನ ಗೇರು ಸುಟ್ಟುಹೋಗುತ್ತದೆ ಎಂದು ಭಾವಮೈದುನ ಎಚ್ಚರಿಸಿದ್ದ. ದೊರೆ ಅದನ್ನು ಚಾಚೂ ತಪ್ಪದೆ ಪಾಲಿಸಿದ. ಭಾನುವಾರ ಬಂದರೆ ಮೊಣಕಾಲೂರಿ ಒಂದೊಂದು ಟೈರಿಗೂ ಬೆರಳು ಹಾಕಿ ಸವೆತ ನೋಡುವುದೇ ಕೆಲಸ. ಕಿಟಕಿಯಿಂದ ಹೆಂಡತಿ, "ಅದರ ಹಲ್ಲು ಎಣಿಸಿದ್ದು ಸಾಕು, ಕಾಫಿ ಆರುತ್ತೆ ಬನ್ನಿ," ಎನ್ನುತ್ತಿದ್ದಳು.

ಒಂದು ಮಾತು ಒಪ್ಪಲೇಬೇಕು. ಎಮ್ಮೆ ಕೊಟ್ಟ ಮಾತಿಗೆ ತಪ್ಪಲಿಲ್ಲ. ಎಂಥ ಜಾರು ದಾರಿಯಿದ್ದರೂ ಗುರ್ ಎನ್ನುತ್ತ ಹತ್ತಿತು, ಇಳಿಯಿತು. ಉಬ್ಬಸ ಬಂದಾಗಲೆಲ್ಲ ಅವಳನ್ನು ಹಿಂದೆ ಕೂರಿಸಿ, ಮಗಳಿಗೆ ಪಕ್ಕದಲ್ಲಿ ಕೂತು ಹಿಡಿದುಕೊಳ್ಳಲು ಹೇಳಿ, ದೊರೆ ಹೊರಡುತ್ತಿದ್ದ. ಹಳೆಯ ಕಾರು ಹೂತುಕೊಂಡಿದ್ದ ಆ ಏರನ್ನು ದಾಟಿದ ಕೂಡಲೇ ಕನ್ನಡಿಯಲ್ಲಿ ಹೆಂಡತಿಯ ಮುಖ ನೋಡಿ, "ನೋಡ್ದ್ಯಾ?" ಎನ್ನುತ್ತಿದ್ದ. ಅವಳು ಎಳೆದ ಉಸಿರಿನ ನಡುವೆಯೇ, "ನೋಡ್ದೆ... ನೋಡ್ದೆ," ಎನ್ನುತ್ತಿದ್ದಳು. ಇಲ್ಲವೆಂದರೆ ಗಂಡ ನೊಂದುಕೊಳ್ಳುತ್ತಾನೆಂಬ ಕನಿಕರ ಅವಳಿಗೆ.

ಅಲ್ಲಿಂದ ಮುಂದೆ ಯಾರು ಏನು ಕೇಳಿದರೂ ಗಾಡಿಯೇ ಉತ್ತರ. ಡಾಕ್ಟರಮ್ಮ ಮನೆಯ ವಿಚಾರ ತೆಗೆದರೆ, "ಎಂಥ ಹೊತ್ತಲ್ಲಿ ಬೇಕಾದ್ರೂ ಕರ್ಕೊಂಡು ಬರ್ತೀನಲ್ಲ ಡಾಕ್ಟ್ರೇ, ನಾಲ್ಕೂ ಚಕ್ರ ಎಳೆಯೋ ಗಾಡಿ ನಮ್ದು." ಇಂಜಿನಿಯರ್ ಮತ್ತೆ ಕುರ್ಚಿಯ ಆಸೆ ತೋರಿಸಿದರೆ, "ಗಾಡಿ ಇದೆ ಸರ್, ಈಗೇನು ತೊಂದ್ರೆ ಇಲ್ಲ." ಗ್ಯಾರೇಜಿನ ಹಿಂದಿನ ಮನೆಗೆ ಬೇರೆ ಯಾರೋ ಬಂದರು. ಅವರು ಹೊರಟುಹೋಗಿ ಮತ್ತೆ ಖಾಲಿಯಾಯಿತು. ಮತ್ತೊಬ್ಬರು ಬಂದರು. ಭಾವಮೈದುನ ಹೇಳಿ ಹೇಳಿ ಸುಸ್ತಾಗಿ, ಕೋಣನ ಮುಂದೆ ಕಿನ್ನರಿ ಬಾರಿಸಿ ಏನು ಬಂತು ಎಂದು ಸುಮ್ಮನಾದ. ಅವಳೂ ಕೇಳುವುದನ್ನು ಬಿಟ್ಟಳು. ದೊರೆ ಅದನ್ನು ನೆಮ್ಮದಿ ಎಂದುಕೊಂಡ.

ಆ ದಿನ ಮಧ್ಯಾಹ್ನ ಹೊಳೆಯಲ್ಲಿ ಹೊಸ ನೀರು ಬಂದಿತ್ತು. ದೊರೆ ತೊಟ್ಟಿಯ ಅಂಚಿನಲ್ಲಿ ನಿಂತು ಗಾಜಿನ ಲೋಟದಲ್ಲಿ ನೀರು ಎತ್ತಿ ಬೆಳಕಿಗೆ ಹಿಡಿದು ನೋಡುತ್ತಿದ್ದ. ಹೊಲಿಗೆ ಯಂತ್ರದ ಸದ್ದು ನಿಂತಿತು. ಲೋಟ ಅಲ್ಲೇ ಬಿಟ್ಟು ಓಡಿದ. ಅವಳು ಯಂತ್ರದ ಮೇಲೆ ಬಾಗಿ ಕೂತಿದ್ದಳು. ಕಾಲರು ಹಚ್ಚುತ್ತಿದ್ದ ಬಿಳಿ ಅಂಗಿ ಇನ್ನೂ ಸೂಜಿಯ ಕೆಳಗೇ ಇತ್ತು. ಮದ್ದಿನಿಂದ ಏನೂ ಪ್ರಯೋಜನವಾಗಲಿಲ್ಲ. ಶಾಲೆಗೆ ರಜೆಯಿದ್ದ ಮಗಳು ಆಗಲೇ ಗಾಡಿಯ ಬಾಗಿಲು ತೆರೆದು ನಿಂತಿದ್ದಳು. ಹೊರಡುವುದಕ್ಕೆ ಸ್ವಲ್ಪವೂ ತಡವಾಗಲಿಲ್ಲ.

ದಾರಿಯಲ್ಲೂ ಎಲ್ಲ ಸರಿಯಾಗಿಯೇ ನಡೆಯಿತು. ಅದೇ ಇವತ್ತಿಗೂ ದೊರೆಯನ್ನು ತಿನ್ನುವುದು. ಬ್ರೇಕು ಕೈಕೊಡಲಿಲ್ಲ, ಟೈರು ಒಡೆಯಲಿಲ್ಲ, ಇಂಜಿನ್ನು ಕೆಮ್ಮಲಿಲ್ಲ. ದೂರಲು ಏನೂ ಸಿಗಲಿಲ್ಲ. ಆ ಏರಿನಲ್ಲಿ ಮಣ್ಣು ಕುಸಿದು, ಹಾಲಿನ ವ್ಯಾನೊಂದು ಅಡ್ಡಡ್ಡ ಹೂತು ನಿಂತಿತ್ತು. ವ್ಯಾನಿನವನು ಕೈ ಬೀಸಿ, "ಆಗಲ್ಲ, ಆಗಲ್ಲ!" ಎಂದು ಕೂಗಿದ. ದೊರೆ ಹಲ್ಲು ಕಚ್ಚಿ ಪಕ್ಕದ ದಿಬ್ಬಕ್ಕೇ ಗಾಡಿ ಹತ್ತಿಸಿದ. ಒಂದು ಚಕ್ರ ಜಾರಿತು, ಉಳಿದವು ಎಳೆದವು. ಎಮ್ಮೆ ಒಮ್ಮೆ ಓಲಾಡಿ ವ್ಯಾನನ್ನು ದಾಟಿ ಆಚೆಯ ದಾರಿಗೆ ಇಳಿಯಿತು. ಆ ಒಂದು ಗಳಿಗೆ ದೊರೆಯ ಎದೆ ಉಬ್ಬಿತು. ಕನ್ನಡಿಯತ್ತ ಕಣ್ಣು ಹಾಯಿಸಿ, ಅಭ್ಯಾಸಬಲದಿಂದ, "ನೋಡ್ದ್ಯಾ?" ಎಂದ.

"ಅಪ್ಪ," ಎಂದಳು ಮಗಳು. "ಅಪ್ಪ, ಅಮ್ಮ ನನ್ನ ಕೈ ಬಿಟ್ಟುಬಿಟ್ಳು."

ಆಸ್ಪತ್ರೆಯ ಬಾಗಿಲವರೆಗೂ ಗಾಡಿ ಚೆನ್ನಾಗಿಯೇ ಓಡಿತು. ಡಾಕ್ಟರಮ್ಮ ಬಹಳ ಹೊತ್ತು ಒಳಗಿದ್ದು, ಹೊರಗೆ ಬಂದು, ದೊರೆಯ ಮುಖ ನೋಡದೆ ಮಗಳ ತಲೆಯ ಮೇಲೆ ಕೈಯಿಟ್ಟರು.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಮಗಳನ್ನು ಒಬ್ಬಳನ್ನೇ ಆ ಮನೆಯಲ್ಲಿ ಬಿಟ್ಟು ತೊಟ್ಟಿಗಳ ಬಳಿ ಹೋಗಲು ದೊರೆಗೆ ಆಗಲಿಲ್ಲ. ತಾನೇ ಹೋಗಿ ಇಂಜಿನಿಯರ ಮುಂದೆ ನಿಂತು ಆ ಕುರ್ಚಿ ಕೇಳಿದ. ಕೇಳಿದ ವಾರದಲ್ಲೇ ಸಿಕ್ಕಿತು. ಅಷ್ಟು ಸುಲಭದ ಕೆಲಸವಾಗಿತ್ತು ಅದು. ಗುಡ್ಡಕ್ಕೆ ಬೇರೊಬ್ಬ ಆಪರೇಟರ್ ಬಂದ. ನಲ್ಲಿಗಳಲ್ಲಿ ನೀರು ಎಂದಿನಂತೆ ತಿಳಿಯಾಗಿಯೇ ಬಂತು. ಊರು ರಾಡಿ ಕುಡಿಯಲಿಲ್ಲ.

ಗ್ಯಾರೇಜಿನ ಹಿಂದಿನ ಮನೆ ಆಗ ಖಾಲಿಯಿತ್ತು. ಅಲ್ಲಿಗೇ ಬಂದರು. ಹೊಲಿಗೆ ಯಂತ್ರವನ್ನು ಮಗಳು ಕಿಟಕಿಯ ಬಳಿ ಇಡಿಸಿದಳು. ಬೆಳಿಗ್ಗೆಯೊಮ್ಮೆ ಸಂಜೆಯೊಮ್ಮೆ ಅದರ ಮೇಲೆ ಬಿಸಿಲು ಬೀಳುತ್ತದೆ. ಬೀರುವಿನಲ್ಲಿ ಹೆಂಡತಿಯ ಸೀರೆಗಳಿವೆ. ಅವಕ್ಕೆ ಬೂಷ್ಟು ಹಿಡಿಯುವುದಿಲ್ಲ. ಅವನ್ನು ಮುಟ್ಟಿ ನೋಡಿದಾಗಲೆಲ್ಲ ದೊರೆಗೆ ಬದುಕೇ ಬೇಡವೆನ್ನಿಸುತ್ತದೆ. ಕಚೇರಿಯಲ್ಲಿ ಫೋನಿನವರು ಬೈಯುತ್ತಾರೆ. ಮೈ ಪರಚಿಕೊಳ್ಳುವಂತೆ ಆಗುತ್ತದೆಂದು ಹೆದರಿದ್ದ. ಏನೂ ಆಗುವುದಿಲ್ಲ. ಇನ್ನೂ ಸ್ವಲ್ಪ ಬೈಯಲಿ ಎಂದೇ ಅನ್ನಿಸುತ್ತದೆ. ಅವನನ್ನು ಈಗ ಯಾರೂ ದೊರೆ ಎನ್ನುವುದಿಲ್ಲ. ಭಾವಮೈದುನನಂತೂ ಮರೆತೂ ಅನ್ನುವುದಿಲ್ಲ.

"ಗಾಡಿ ಮಾರಿಬಿಡೋಣ ಭಾವ," ಎಂದು ಮಾತ್ರ ಒಂದು ದಿನ ಹೇಳಿದ. "ಈ ಸಪಾಟು ರಸ್ತೇಲಿ ಇದ್ಯಾಕೆ?"

"ಇರ್ಲಿ ಬಿಡೋ," ಎಂದ ದೊರೆ. ಯಾಕೆ ಇರಲಿ ಎಂದು ಅವನಿಗೂ ಗೊತ್ತಿರಲಿಲ್ಲ. ಅವಳು ಕೊನೆಯದಾಗಿ ಕೂತಿದ್ದ ಜಾಗವನ್ನು ಮಾರುವುದು ಹೇಗೆ?

ಮಗಳು ಮಾತ್ರ ಅಂದಿನಿಂದ ಅದನ್ನು ಹತ್ತಿಲ್ಲ. ಅತ್ತಿಲ್ಲ, ಜಗಳವಾಡಿಲ್ಲ, ಎಮ್ಮೆ ಎಂಬ ಹೆಸರನ್ನೂ ಎತ್ತಿಲ್ಲ. ಶಾಲೆಗೆ ನಡೆದೇ ಹೋಗುತ್ತಾಳೆ.

ಮೊನ್ನೆ ಬೆಳಿಗ್ಗೆ ಮಳೆ ಹನಿಯುತ್ತಿತ್ತು. ಅವಳು ಕೊಡೆ ಮರೆತು ಹೊರಟಿದ್ದಳು. ದೊರೆ ಗಾಡಿ ತೆಗೆದು ಹಿಂದೆಯೇ ಹೋಗಿ, ಪಕ್ಕಕ್ಕೆ ಬಂದು, ಕಿಟಕಿ ಇಳಿಸಿದ.

"ಬಾಮ್ಮ, ನೆನೀತೀಯ."

"ಪರವಾಗಿಲ್ಲಪ್ಪ. ನೀನು ಹೋಗು."

"ಜ್ವರ ಬರುತ್ತೆ ಕಣೇ. ಶಾಲೆ ತನಕ ಅಷ್ಟೇ."

ಅವಳು ನಿಂತಳು. ಗಾಡಿಯನ್ನು ಮುಂದಿನಿಂದ ಹಿಂದಿನ ಸೀಟಿನವರೆಗೆ ಒಮ್ಮೆ ನೋಡಿದಳು. ಸಿಟ್ಟಿರಲಿಲ್ಲ ಆ ಮುಖದಲ್ಲಿ. ತಿಳಿಯದ ಪಾಠ ಕೇಳುವವಳಂತೆ ಕೇಳಿದಳು:

"ಅಪ್ಪ, ಇದನ್ನ ತಗೊಳ್ದೇ ಇದ್ದಿದ್ರೆ ನಾವು ಆವಾಗ್ಲೇ ಕೆಳಗೆ ಬಂದುಬಿಡ್ತಿದ್ವಿ, ಅಲ್ವಾ?"

ಎಲ್ಲರಿಗೂ ಉತ್ತರವಾಗಿ ಗಾಡಿಯನ್ನು ತೋರಿಸುತ್ತಿದ್ದವನು ಈಗ ಅದರ ಒಳಗೇ ಕೂತಿದ್ದ. ಅವಳು ಚೀಲವನ್ನು ಎದೆಗೆ ಅವಚಿಕೊಂಡು ನಡೆಯತೊಡಗಿದಳು. ಅವನು ಅವಳ ಹೆಜ್ಜೆಗೆ ಸರಿಯಾಗಿ ಗಾಡಿ ಬಿಡುತ್ತ ಪಕ್ಕದಲ್ಲೇ ಹೋದ. ಹಿಂದಿನ ಗಾಡಿಗಳವರು ಹಾರ್ನ್ ಬಡಿಯುತ್ತಿದ್ದರು. ಶಾಲೆಯ ಗೇಟಿನವರೆಗೂ ರಸ್ತೆ ಅಂಗೈಯಷ್ಟು ಸಪಾಟಾಗಿತ್ತು. ಅವಳು ತೊಯ್ದು ತೊಪ್ಪೆಯಾಗಿ ಒಳಗೆ ಹೋದಳು.